ಎದುರು ಮನೆಯ ಮಾಳಿಗೆ

ಆಗಸ್ಟ್ 4, 2025, ಸೋಮವಾರ

ಕೊಡುತ್ತೇವೆ ಅಂದದ್ದು: ಬಡವರ ಮನೆ ಮೇಲೆ ಸೋಲಾರ್. ಖರ್ಚಿನಲ್ಲಿ ಸರ್ಕಾರದ ಪಾಲು. ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಹೊಸಪೇಟೆಯಲ್ಲಿ ಗೋಡೆಯಷ್ಟು ಅಗಲದ ಬೋರ್ಡು ಹಾಕಿದ್ದಾರೆ. ಅದರಲ್ಲಿ ಒಬ್ಬ ಹೆಂಗಸು ಹಲ್ಲು ಕಿರಿದು ನಿಂತಿದ್ದಾಳೆ.

ಕೊಡುವುದಿಲ್ಲ ಅಂದದ್ದು: ತಗಡಿನ ಮನೆಗೆ ಕೊಡುವುದಿಲ್ಲ. ಹಕ್ಕುಪತ್ರ ಇಲ್ಲದ ಮನೆಗೆ ಕೊಡುವುದಿಲ್ಲ. ಮೀಟರು ಸತ್ತ ಮಾವನ ಹೆಸರಲ್ಲಿದ್ದರೆ ಕೊಡುವುದಿಲ್ಲ. ಬ್ಯಾಟರಿ ಅಂತೂ ಇಲ್ಲವೇ ಇಲ್ಲ. ಕರೆಂಟ್ ಹೋದರೆ ಆ ಸೋಲಾರೂ ಅದರ ಜೊತೆಗೇ ಹೋಗುತ್ತದಂತೆ! ಇವತ್ತು ಬ್ಯಾಂಕಿನಲ್ಲಿ ಕೇಳಿದ ಮೇಲೆಯೇ ಇದೆಲ್ಲ ತಿಳಿದದ್ದು.

"ಮನಿ ಮ್ಯಾಲ ಏನೈತಮ್ಮ?" ಅಂದ ಮ್ಯಾನೇಜರು.

"ತಗಡೈತ್ರಿ."

"ತಗಡಿನ ಮ್ಯಾಲ ಪ್ಯಾನೆಲ್ಲು ಕುಂದ್ರಲ್ಲ."

"ಮಳಿ ಕುಂದ್ರತೈತಿ, ಬಿಸಿಲು ಕುಂದ್ರತೈತಿ, ಗಣಿ ಧೂಳಂತೂ ಮನಿ ಅಳಿಯನಂಗ ಕುಂತೈತಿ. ನಿಮ್ಮ ಪ್ಯಾನೆಲ್ಲಿಗೆ ಮಾತ್ರ ಜಾಗ ಇಲ್ಲೇನ್ರಿ?"

ಮ್ಯಾನೇಜರು ಕಂಪ್ಯೂಟರ್ ಕಡೆ ತಿರುಗಿದ. ಮುಂದಿನವರನ್ನು ಕರೆದ. ಬಿಸಿಲು ಯಾವ ಮ್ಯಾನೇಜರನ ಅಪ್ಪನ ಮನೆಯದೂ ಅಲ್ಲ ಅಂತ ಅಲ್ಲಿಯೇ ಹೇಳಬೇಕಿತ್ತು. ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಈ ನೋಟ್‌ಬುಕ್ಕನ್ನು ಕೊಟ್ಟವರು ಡಾಕ್ಟರು. ನನ್ನ ಗಂಡ ಉಜ್ಜಿನಪ್ಪನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ, ಅದು ತೋರಿಸುವ ಅಂಕಿ ದಿನಾ ಬರೆದಿಡು ಅಂದರು. ತೊಂಬತ್ತರ ಮೇಲಿದ್ದರೆ ಸರಿ, ಕೆಳಗಿಳಿದರೆ ಎಚ್ಚರ. ಅಂಕಿಗೆ ಒಂದು ಗೆರೆ ಸಾಕು. ಉಳಿದ ಹಾಳೆ ನನ್ನ ಸಿಟ್ಟಿಗೆ. ಯಾರೂ ಓದುವವರಿಲ್ಲ, ಹಾಗಾಗಿ ನಯನಾಜೂಕು ಬೇಕಿಲ್ಲ.

ಗಂಡ ಹತ್ತೊಂಬತ್ತು ವರ್ಷ ಸಂಡೂರು ಗುಡ್ಡದಲ್ಲಿ ಡ್ರಿಲ್ಲು ಹೊಡೆದ. ಗುಡ್ಡ ಪುಡಿಯಾಯಿತು, ಆ ಪುಡಿ ಇವನ ಎದೆಯೊಳಗೆ ಕೂತಿತು. ಜೂನ್‌ನಲ್ಲಿ ಆಸ್ಪತ್ರೆಯವರು ಆಕ್ಸಿಜನ್ ಮಷೀನು ಕೊಟ್ಟು ಕಳಿಸಿದರು. ಗಾಳಿಯಿಂದಲೇ ಆಕ್ಸಿಜನ್ ತೆಗೆದು ಮೂಗಿಗೆ ಕೊಡುತ್ತದೆ. ಕೊಟ್ಟವರು ದೊಡ್ಡವರು, ಮರೆಯುವುದಿಲ್ಲ. ಆದರೆ ಮಷೀನಿಗೆ ಕರೆಂಟು ಬೇಕು. ದರೋಜಿ ಪಕ್ಕದ ಈ ಕೇರಿಯಲ್ಲಿ ದಿನಕ್ಕೆ ಎರಡು ತಾಸು, ಮೂರು ತಾಸು ಕರೆಂಟೇ ಇರುವುದಿಲ್ಲ. ಆಗ ಚಿಕ್ಕ ಸಿಲಿಂಡರು. ಅದೂ ಎರಡು ತಾಸಿಗೆ ಖಾಲಿ. ತುಂಬಿಸಲು ಹೊಸಪೇಟೆಗೋ ಕಂಪ್ಲಿಗೋ ಓಡಬೇಕು.

ಇವತ್ತು 88.

ಆಗಸ್ಟ್ 9, ಶನಿವಾರ

ಮಧ್ಯಾಹ್ನ ಕರೆಂಟ್ ಹೋಯಿತು, ಮೂರೂವರೆಗೆ ಬಂತು. ಸಿಲಿಂಡರಿನ ಮುಳ್ಳು ಕೆಂಪಿಗೆ ಇಳಿಯುವುದನ್ನೇ ನೋಡುತ್ತ ಕೂತಿದ್ದೆ. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ನಡೆದಿದೆ. ನಮ್ಮ ಹೆಂಗಸರ ಗ್ಯಾಂಗು ನಾನಿಲ್ಲದೆ ಹೋಗುತ್ತಿದೆ. ಮನೆ ಬಿಟ್ಟರೆ ಇವನ ಪಕ್ಕ ಕೂರುವವರಾರು?

ಮಷೀನು ಗುರ್ ಅನ್ನುತ್ತದೆ ಅಂತ ಉಜ್ಜಿನಪ್ಪ ಅದಕ್ಕೆ ಕರಡಿ ಅಂತ ಹೆಸರಿಟ್ಟಿದ್ದಾನೆ. ಕರೆಂಟ್ ಬಂದು ಅದು ಮತ್ತೆ ಸದ್ದು ಮಾಡಿದಾಗ, "ನೋಡಲೇ ವಿರುಪಿ, ದರೋಜಿ ಕರಡಿ ನೋಡಾಕ ಮಂದಿ ಟಿಕೆಟ್ ತಗೀತಾರ. ನಮ್ಮನ್ಯಾಗ ಪುಕ್ಕಟೆ ಐತಿ" ಅಂದ. ಅಷ್ಟು ಹೇಳಲು ನಾಲ್ಕು ಸಲ ಉಸಿರೆಳೆದುಕೊಂಡ. ನಗುವವನು ಇರುವತನಕ ನನಗೇನೂ ಆಗುವುದಿಲ್ಲ. 86.

ಆಗಸ್ಟ್ 17, ಭಾನುವಾರ

ಬೇವಿನ ಮರದ ಕೆಳಗೆ ನಮ್ಮ ಕೂಲಿಕಾರರ ಸಂಘದ ಸಭೆ. ಸೋಲಾರಿಗಾಗಿ ಮೂರು ಕಚೇರಿಗೆ ಹೋಗಿ ಬಂದದ್ದನ್ನು ವರದಿ ಮಾಡಿದೆ. ಮನವಿ, ಧರಣಿ, ದಿನಾಂಕ ಅನ್ನುವ ಹೊತ್ತಿಗೆ ಬಸಕ್ಕ ಎದ್ದಳು. ಅರವತ್ತೈದು ದಾಟಿದ ಜೀವ, ಈಗಲೂ ಗ್ಯಾಂಗಿನ ಮುಂದಿನ ಸಾಲಿನಲ್ಲಿ ನಿಂತು ಸಸಿ ಊರುತ್ತಾಳೆ.

"ಧರಣಿ ಮಾಡೋಣ, ಬ್ಯಾಡ ಅನ್ನಲ್ಲ. ಅಲ್ಲಿಗಂಟ ಉಜ್ಜಿನಪ್ಪ ಉಸಿರು ಹಿಡಕೊಂಡು ಕುಂದ್ರಬೇಕೇನು? ಮನಿಗೊಂದು ದಿನದ ಕೂಲಿ ತಗೀರಿ, ಸೋಲಾರ್ ನಾವೇ ಹಾಕಸೋಣ."

ನನಗೆ ಮೈಯೆಲ್ಲ ಉರಿಯಿತು. "ದಾನ ತಗೊಳ್ಳಾಕ ಸಂಘ ಕಟ್ಟಿಲ್ಲ ನಾವು" ಅಂದೆ.

"ಯಾರಲೇ ದಾನ ಅಂದೋರು? ನನ್ನ ಮಗಳ ಬಾಣಂತನಕ್ಕ ನೀ ಹನ್ನೊಂದು ದಿನ ಕುಂತಿದ್ಯಲ್ಲ, ಅದೇನು ದಾನೇನು? ಇದು ಮುಯ್ಯಿ. ಇವರ ಹೊಲಕ್ಕ ಅವರು, ಅವರ ಹೊಲಕ್ಕ ಇವರು ಹೋಗಂಗಿಲ್ಲೇನು, ಹಂಗ. ಕುಂದ್ರು ಸುಮ್ಮನ."

ಕೂತೆ. ಇಪ್ಪತ್ತು ವರ್ಷದಿಂದ ಬೇರೆಯವರನ್ನು ಕೂರಿಸಿದವಳು ನಾನು.

ಪಂಪೇಶನೂ ಬಂದಿದ್ದ. ಸಂಘದ ಸಂಜೆ ಶಾಲೆಯಲ್ಲಿ ನನ್ನ ಮುಂದೆ ಕೂತು ಅ ಆ ತಿದ್ದಿದವನು, ಈಗ ಹೊಸಪೇಟೆಯಲ್ಲಿ ಸೋಲಾರ್ ಕೂರಿಸುವ ಕೆಲಸ. ಹೊಸದು ಹಾಕಿಸಿದರೆ ಒಂದೂವರೆ ಲಕ್ಷ ಅಂದ. ಆಮೇಲೆ ಹೇಳಿದ: ಹಂಪಿ ಹತ್ತಿರದ ಒಂದು ಲಾಡ್ಜಿನವರು ಹಳೆಯ ಪ್ಯಾನೆಲ್ ಇಳಿಸಿ ದೊಡ್ಡವು ಹಾಕಿಸಿದ್ದಾರೆ. ಹಳೆಯವು ಗುಜರಿಗೆ ಹೋಗುತ್ತಿದ್ದವು. ನಾಲ್ಕನ್ನು ಅವನು ಎತ್ತಿಟ್ಟಿದ್ದಾನೆ. ಬ್ಯಾಟರಿ ಮಾತ್ರ ಹೊಸದು ಬೇಕು, ಅದಕ್ಕೆ ಈ ಕೂಲಿ ಸಾಕು.

"ಎಷ್ಟು ಕೊಡಬೇಕಪ್ಪ ಪ್ಯಾನೆಲ್ಲಿಗೆ?"

"ಅಕ್ಷರ ಕಲಿಸಿದ್ದಕ್ಕ ನೀವೆಷ್ಟು ತಗೊಂಡ್ರಿ?"

ಈ ಹುಡುಗರು ಎಲ್ಲಿ ಕಲಿಯುತ್ತಾರೆ ಇಂಥ ಮಾತು!

ಆದರೆ ತಗಡಿನ ಮೇಲೆ ಕೂರಿಸಲು ಅವನೂ ಒಪ್ಪಲಿಲ್ಲ. ಗಾಳಿಗೆ ತಗಡೇ ಹಾರುತ್ತದೆ. ಸುತ್ತ ನೋಡಿದ. ಕೇರಿಯಲ್ಲಿ ಸಿಮೆಂಟಿನ ಮಾಳಿಗೆ ಇರುವುದು ಒಂದೇ ಮನೆಗೆ. ಎಲ್ಲರೂ ನೆಲ ನೋಡಿದರು.

ಎದುರು ಮನೆ. ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಮೂಗಿಗೆ ಹಾಕುವ ಮಾಸ್ಕಿಗಾಗಿ, ಧೂಳು ಏಳದಂತೆ ನೀರು ಬಿಡುವ ಡ್ರಿಲ್ಲಿಗಾಗಿ ಗಣಿಯಲ್ಲಿ ಮುಷ್ಕರ ಹೂಡಿದೆವು. ಇಪ್ಪತ್ತಾರನೇ ದಿನ ಅವನು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದ. ಅವನ ಹಿಂದೆ ಇಪ್ಪತ್ತು ಜನ. ಮುಷ್ಕರ ಮುರಿಯಿತು. ಮಾಸ್ಕು ಬರಲಿಲ್ಲ. ಆ ವರ್ಷವೇ ಅವನು ಮನೆಗೆ ಸ್ಲ್ಯಾಬು ಹಾಕಿಸಿದ. ಅವತ್ತಿನಿಂದ ಆ ಮನೆಯ ಮೆಟ್ಟಿಲು ನಾನು ತುಳಿದಿಲ್ಲ, ನನ್ನದನ್ನು ಅವರೂ ತುಳಿದಿಲ್ಲ.

ಆಗಸ್ಟ್ 24, ಭಾನುವಾರ

ಸೌದೆ ತಂದು ಇಳಿಸುವಷ್ಟರಲ್ಲಿ ಎದುರು ಮನೆಯವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದಿರಲಿಲ್ಲ. ನನ್ನ ನೋಡಿ ಹೊರಟು ಹೋದ.

"ಎದುರು ಮನಿಯಂವ ಬಂದಿದ್ದ" ಅಂದ ಉಜ್ಜಿನಪ್ಪ. "ಮಾಳಿಗಿ ಮ್ಯಾಲ ಹಾಕ್ಕೊರ್ರಿ ಅಂದ. ಹೂಂ ಅಂದೆ."

"ನನ್ನ ಕೇಳದಂಗ?"

"ಉಸಿರು ಯಾರದು?"

ಸೌದೆ ಒಲೆಯ ಪಕ್ಕ ಒಟ್ಟಿದೆ. ಅವನ ಜೊತೆ ಮಾತು ಬಿಟ್ಟೆ.

ಆಗಸ್ಟ್ 26

ಮಾತಿಲ್ಲ. 87.

ಆಗಸ್ಟ್ 30, ಶನಿವಾರ

ನಿನ್ನೆ ಬೆಳಗ್ಗೆ ಗಾಳಿಗೆ ಕಂಬ ವಾಲಿತು. ಐದು ತಾಸು ಕರೆಂಟಿಲ್ಲ. ಸಿಲಿಂಡರು ಮುಗಿಯಿತು. ಬೀಸಣಿಗೆ ಹಿಡಿದು ಕೂತೆ. ಗಾಳಿ ಇತ್ತು, ಅವನ ಎದೆಯೊಳಗೆ ಇಳಿಯುತ್ತಿರಲಿಲ್ಲ. ಕ್ಲಿಪ್ಪು 79 ಅಂತ ತೋರಿಸಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಆಗಲೂ ಕಣ್ಣಲ್ಲೇ ಏನೋ ತಮಾಷೆ ಮಾಡಲು ನೋಡಿದ. ಆಗ ನಾನು ಅತ್ತೆ.

ಕಂಬ ಎತ್ತಿದ ಲೈನ್‌ಮನ್‌ಗೆ ದೇವರು, ಅಲ್ಲ, ಜನ ಒಳ್ಳೆಯದು ಮಾಡಲಿ.

ಇವತ್ತು ಬಸಕ್ಕನ ಕೈಲಿ ಎದುರು ಮನೆಗೆ ಹೇಳಿ ಕಳಿಸಿದೆ: ಹಾಕುತ್ತೇವೆ, ಆದರೆ ಬಾಡಿಗೆ ಕೊಡುತ್ತೇವೆ. ಅವನ ಹೆಂಡತಿ ಹುಲುಗಮ್ಮ ಓಣಿಗೆಲ್ಲ ಕೇಳುವ ಹಾಗೆ ಒದರಿದಳು: "ಬಿಸಿಲಿಗೆ ಬಾಡಿಗಿ ಕೇಳಾಕ ನಾನೇನು ಬ್ಯಾಂಕಿನಾಕೇನು? ಬಾಡಿಗಿ ಅಂದ್ರ ಬಾಗಲಾ ಹಾಕ್ಕೋತೀನಿ ಅಂತ ಹೇಳು!"

ಮಾತು ಚೂಪಾಗಿದೆ. ಸಂಘದಲ್ಲಿ ಇರಬೇಕಿತ್ತು.

ಸೆಪ್ಟೆಂಬರ್ 7, ಭಾನುವಾರ

ಪಂಪೇಶ ನಾಲ್ಕು ಪ್ಯಾನೆಲ್ ಕೂರಿಸಿದ. ಬ್ಯಾಟರಿ, ಇನ್ವರ್ಟರ್ ಎದುರು ಮನೆಯ ಮೆಟ್ಟಿಲ ಕೆಳಗೆ. ಅಲ್ಲಿಂದ ಓಣಿ ದಾಟಿ ನಮ್ಮ ಮನೆಗೆ ವೈರು. ಕೇರಿಯ ಗಂಡಸರು ಹೆಂಗಸರು ಪ್ಯಾನೆಲ್ಲನ್ನು ಹೊತ್ತು ಮೇಲೆ ಏರಿಸಿದರು. ನಾನು ಓಣಿಯಲ್ಲಿ ನಿಂತೇ ಹೇಳಬೇಕಾದದ್ದೆಲ್ಲ ಹೇಳಿದೆ. ಹತ್ತಲಿಲ್ಲ.

ಕರಾರು ಕಾಗದದಲ್ಲಿ ಬರೆದೆ: ಎದುರು ಮನೆಗೆ ಒಂದು ಬಲ್ಬು ಮಾತ್ರ. ಫ್ಯಾನಿಲ್ಲ, ಟಿವಿ ಇಲ್ಲ, ಮಿಕ್ಸಿ ಇಲ್ಲ. ಅವನು ಓದಿ ಹೆಬ್ಬೆಟ್ಟಲ್ಲ, ಸಹಿ ಹಾಕಿದ. ಸಂಘದಲ್ಲಿ ಕಲಿತ ಸಹಿ ಅದು. ಮುಷ್ಕರಕ್ಕೆ ಮೊದಲು ಕಲಿಸಿದ್ದೆವು.

ಸೆಪ್ಟೆಂಬರ್ 12, ಶುಕ್ರವಾರ

ಸಂಜೆ ನಾಲ್ಕಕ್ಕೆ ಕೇರಿಯ ಕರೆಂಟ್ ಹೋಯಿತು. ಟಿವಿ, ಗಿರಣಿ ಎಲ್ಲ ನಿಂತವು. ಕರಡಿ ನಿಲ್ಲಲಿಲ್ಲ. ಗುರ್ ಅನ್ನುತ್ತಲೇ ಇತ್ತು. ಉಜ್ಜಿನಪ್ಪನಿಗೆ ಕರೆಂಟ್ ಹೋಗಿದೆ ಅಂತಲೂ ಗೊತ್ತಾಗಲಿಲ್ಲ, ನಿದ್ದೆ ಮಾಡುತ್ತಿದ್ದ.

ಹೊರಗೆ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಎಷ್ಟು ತಿಂಗಳಾಯಿತೋ ಹಾಗೆ ಕೂತು.

ಪಂಪೇಶನಿಗೆ ಋಣಿ. ಬಸಕ್ಕನಿಗೆ ಋಣಿ. ಒಂದು ದಿನದ ಕೂಲಿ ಕೊಟ್ಟ ಮೂವತ್ತೆಂಟು ಮನೆಗೆ ಋಣಿ. ಗುಜರಿಗೆ ಹಾಕದೆ ಕೊಟ್ಟ ಆ ಲಾಡ್ಜಿನವನಿಗೂ. ಇನ್ನೊಂದು ಹೆಸರು ಬರೆಯಬೇಕು. ನಾಳೆ ಬರೆಯುತ್ತೇನೆ. 92.

ಸೆಪ್ಟೆಂಬರ್ 21, ಭಾನುವಾರ

ಎಂಟು ದಿನದಿಂದ ಕಂಪ್ಲಿಯಲ್ಲಿ ಕಳೆ ಕೀಳಲು ಹೋಗುತ್ತಿದ್ದೇನೆ. ಬೆನ್ನು ನೋಯುತ್ತದೆ, ಎಷ್ಟು ಸುಖವಾದ ನೋವು! ಊಟದ ಹೊತ್ತಿಗೆ ಹೆಂಗಸರು ಹಾಡು ಹೇಳಿದರು, ನಾನು ತಪ್ಪು ಹೇಳಿದೆ, ಎಲ್ಲರೂ ನಕ್ಕರು.

ದಿನಾ ಬೆಳಗ್ಗೆ ಹುಲುಗಮ್ಮ ಮಾಳಿಗೆ ಹತ್ತಿ ಪ್ಯಾನೆಲ್ ಒರೆಸುತ್ತಾಳೆ. ಅದಿರಿನ ಕೆಂಪು ಧೂಳು ಒಂದೇ ದಿನಕ್ಕೆ ಬಟ್ಟೆ ಕೆಂಪು ಮಾಡುತ್ತದೆ. ಯಾರೂ ಹೇಳಿದ್ದಲ್ಲ. ಕರಾರಿನಲ್ಲೂ ಇಲ್ಲ. ಮಗುವಿಗೆ ಎರೆದಂತೆ ಒರೆಸುತ್ತಾಳೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಬಸಕ್ಕ ತಟ್ಟೆ ಹಿಡಿದು ಬಂದಳು. "ಕರಡಿಗೆ ಒಂದೀಟು ವಿಭೂತಿ ಹಚ್ಚತೀನಿ."

"ಮಷೀನಿಗೆ ವಿಭೂತಿ ಬ್ಯಾಡಕ್ಕ, ಸರ್ವಿಸ್ ಬೇಕು. ನಮ್ಮನ್ಯಾಗ ಪೂಜಿ ನಡಿಯಲ್ಲ, ಗೊತ್ತಲ್ಲ ನಿನಗ?"

"ಗೊತ್ತೈತಿ ತಾಯಿ, ಗೊತ್ತೈತಿ" ಅಂತ ಹುಲುಗಮ್ಮನ ಮನೆ ಕಡೆ ತಿರುಗಿದಳು. ನಾನು ಕಂಪ್ಲಿಗೆ ಹೋದೆ, ಕೂಲಿಕಾರರ ಸಭೆಯಲ್ಲಿ ಮಾತಾಡುವುದಿತ್ತು. 92.

ಅಕ್ಟೋಬರ್ 3, ಶುಕ್ರವಾರ

ಸಂಜೆ ಆರೂವರೆಗೆ ಕರೆಂಟ್ ಹೋಯಿತು. ಇಪ್ಪತ್ತು ನಿಮಿಷಕ್ಕೆ ಕರಡಿ ಕೀಚಲು ದನಿಯಲ್ಲಿ ಕೂಗಿ ನಿಂತಿತು. ಬ್ಯಾಟರಿ ಖಾಲಿ. ನಾಲ್ಕು ತಾಸು ಬರಬೇಕಾದ ಬ್ಯಾಟರಿ! ಸಿಲಿಂಡರು ಅರ್ಧಕ್ಕಿತ್ತು. ಹಚ್ಚಿದೆ. ಓಣಿ ದಾಟಿ ಅವನ ಮೆಟ್ಟಿಲ ಮುಂದೆ ನಿಂತೆ.

"ಹೊರಗ ಬಾರಲೇ! ಟಿವಿ ಹಚ್ಚಿದ್ಯೋ, ಮೋಟ್ರು ಹಚ್ಚಿದ್ಯೋ? ಅವತ್ತ ಮುಷ್ಕರ ಮುರಿದಿ, ಇವತ್ತ ಉಸಿರು ಕದಿಯಾಕ ಹತ್ತೀಯೇನು?"

ಕೇರಿಯೆಲ್ಲ ಹೊರಗೆ ಬಂದು ನಿಂತಿತು. ಇನ್ನೂ ಏನೇನೋ ಅಂದೆ. ಬರೆಯುವುದಿಲ್ಲ. ಅವನು ಹೊರಗೆ ಬಂದ. ಗೋಡೆಗೆ ಒರಗಿದ್ದ ಮೊಪೆಡ್ ತೆಗೆದುಕೊಂಡು ಹೋದ. ಓಡಿ ಹೋದ ಅಂದುಕೊಂಡೆ.

ಎಂಟಕ್ಕೆ ಮೊಪೆಡ್ ಬಂತು. ಕಾಲ ನಡುವೆ ತುಂಬಿದ ಸಿಲಿಂಡರು ಇಟ್ಟುಕೊಂಡಿದ್ದ, ಕಂಪ್ಲಿಯಿಂದ. ನಮ್ಮ ಬಾಗಿಲಲ್ಲಿ ಇಳಿಸಿದ, ಒಳಗೆ ಬರಲಿಲ್ಲ. ನಾನು ಸಿಲಿಂಡರನ್ನು ಒಳಗೆ ಎಳೆದುಕೊಂಡೆ. ಬಾ ಅನ್ನಬೇಕಿತ್ತು. ಪಂಪೇಶನಿಗೆ ಫೋನ್ ಮಾಡಿದೆ. 85.

ಅಕ್ಟೋಬರ್ 4, ಶನಿವಾರ

ಬೆಳಗ್ಗೆ ಪಂಪೇಶ ಬಂದು ಮಾಳಿಗೆ ಹತ್ತಿದ. ಆಮೇಲೆ ನಗು. ಕೂತು ನಗುತ್ತಿದ್ದ ಅಂತ ಓಣಿಗೆ ಕೇಳುತ್ತಿತ್ತು.

"ಅಕ್ಕಾ, ಮ್ಯಾಲ ಬರ್ರಿ!"

"ಅಲ್ಲಿಂದ್ಲೇ ಹೇಳು."

"ಹೇಳಾಕ ಬರಲ್ಲ. ನೋಡಬೇಕು."

ಹನ್ನೆರಡು ಮೆಟ್ಟಿಲು. ಹನ್ನೊಂದು ವರ್ಷ. ಹತ್ತಿದೆ.

ನಾಲ್ಕೂ ಪ್ಯಾನೆಲ್ಲಿಗೆ ಅಂಗೈ ಅಗಲದ ಮೂರು ಮೂರು ಪಟ್ಟೆ ವಿಭೂತಿ. ಗಾರೆ ಮೆತ್ತಿದ ಹಾಗೆ ಒಣಗಿ ಕೂತಿದೆ. ನಡುವೆ ರೊಟ್ಟಿಯಷ್ಟು ಕುಂಕುಮ. ಅಡ್ಡಡ್ಡ ಚೆಂಡು ಹೂವಿನ ಹಾರ. ಅದರ ಮೇಲೆ ಒಂದೊಂದಕ್ಕೂ ಒಂದು ಹಸಿರು ಕುಬಸದ ಖಣ ಹೊದಿಸಿ, ಗಾಳಿಗೆ ಹಾರದಿರಲಿ ಅಂತ ನಾಲ್ಕು ಮೂಲೆಗೆ ಕಲ್ಲು!

"ಸೂರ್ಯಾಗ ಕಣ್ಣು ಕಟ್ಟಿ ಚಾರ್ಜ್ ಮಾಡು ಅಂದ್ರ ಎಲ್ಲಿಂದ ಮಾಡ್ಯಾನ್ರಿ ಅಂವ?" ಅಂದ ಪಂಪೇಶ. "ಮೂರು ದಿನದಿಂದ ಬ್ಯಾಟರಿಗೆ ಒಂದು ಗುಟುಕು ಬಿದ್ದಿಲ್ಲ."

ಹುಲುಗಮ್ಮ ಮೂಲೆಯಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು. "ನೀ ಮಾಡಲ್ಲ ಅಂದಿ. ಉಜ್ಜಿನಪ್ಪಣ್ಣನ ಉಸಿರು ಇದರಾಗ ಐತಿ, ಪೂಜಿ ಇಲ್ಲದಂಗ ಹೆಂಗ ಬಿಡಾದು ಅಂತ ನಾವು ಮಾಡಿದ್ವಿ. ಶೀಗಿ ಹುಣ್ಣಿವಿತನಕ ಒರಸಬಾರದು ಅಂತಿದ್ಲು ನಮ್ಮತ್ತಿ. ಅದಕ್ಕ ಒರಸಿಲ್ಲ."

"ಕುಂಕುಮ ನಾನೇ ಇಟ್ಟೀನವ್ವ" ಅಂತ ಕೆಳಗಿನಿಂದ ಬಸಕ್ಕ ಒಪ್ಪಿಕೊಂಡಳು. "ಖಣ ಎಲ್ಲಾರ ಮನೀದು."

ಬಯ್ಯಲು ಬಾಯಿ ತೆಗೆದೆ. ಮೂಢನಂಬಿಕೆ ಮೇಲೆ ನಾನು ಒಂದು ತಾಸು ಭಾಷಣ ಮಾಡಬಲ್ಲೆ, ನೀರು ಕುಡಿಯದೆ. ಆದರೆ ಕಣ್ಣು ಖಣದ ಮೇಲೆ ಹೋಯಿತು. ಹಬ್ಬಕ್ಕೆ ತಾವು ತೊಡದ ಖಣವನ್ನು ಅವನ ಉಸಿರಿಗೆ ಹೊದಿಸಿದ್ದರು. ಇನ್ನೊಂದು ತಾಸು ಹೀಗೇ ಆಗಿದ್ದರೆ ಅವನು ಉಳಿಯುತ್ತಿರಲಿಲ್ಲ. ಎರಡೂ ನಿಜ. ಎರಡನ್ನೂ ಹೇಗೆ ಒಟ್ಟಿಗೆ ಇಟ್ಟುಕೊಳ್ಳುವುದೋ ಸಂಘದ ಯಾವ ಶಿಬಿರದಲ್ಲೂ ಕಲಿಸಲಿಲ್ಲ.

ಖಣಗಳನ್ನು ಮಡಚಿ ಹುಲುಗಮ್ಮನ ಕೈಗೆ ಕೊಟ್ಟೆ. ಅವಳು ನೀರು ಸುರಿದಳು, ನಾನು ಉಜ್ಜಿದೆ. ಒಣಗಿದ ವಿಭೂತಿ ಸುಲಭಕ್ಕೆ ಬಿಡುವುದಿಲ್ಲ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಇಬ್ಬರ ಸೀರೆಯೂ ತೊಯ್ದಿತ್ತು.

ಸಂಘದಲ್ಲಿ ಒಂದು ನಿಯಮ ಇದೆ, ನಾನೇ ಮಾಡಿದ್ದು: ಹತ್ತು ಜನರ ಮುಂದೆ ಹೊರಿಸಿದ ಆರೋಪ ಸುಳ್ಳಾದರೆ ಹತ್ತು ಜನರ ಮುಂದೆಯೇ ವಾಪಸು ಪಡೆಯಬೇಕು. ಮಾಳಿಗೆಯ ಅಂಚಿಗೆ ಬಂದೆ. ಓಣಿಯಲ್ಲಿ ಎಲ್ಲರೂ ಇದ್ದರು.

"ಎರ್ರಿಯಪ್ಪಣ್ಣ ಕರೆಂಟ್ ಕದ್ದಿಲ್ಲ! ತಪ್ಪು ನಂದು! ಎಲ್ಲರೂ ಕೇಳ್ರಿ, ತಪ್ಪು ನಂದು!"

ಹುಲುಗಮ್ಮ ಸೆರಗು ಜಗ್ಗಿದಳು. "ಯವ್ವಾ, ಅಷ್ಟು ಒದರಬ್ಯಾಡ. ಘೋಷಣೆ ಅನ್ಕೊಂಡು ಜಿಂದಾಬಾದ್ ಅಂದಾರು."

ಕೆಳಗಿನಿಂದ ಯಾರೋ ಅಂದೇಬಿಟ್ಟರು: "ಜಿಂದಾಬಾದ್!"

ಎಲ್ಲರೂ ನಕ್ಕರು. ನಮ್ಮ ಮನೆಯೊಳಗಿಂದ ಉಜ್ಜಿನಪ್ಪನ ಕೆಮ್ಮು ಕೂಡ ನಗುವಿನ ಹಾಗೇ ಕೇಳಿಸಿತು.

ಆಗ ಎರ್ರಿಯಪ್ಪಣ್ಣ ಮೆಟ್ಟಿಲು ಹತ್ತಿ ಬರುತ್ತಿದ್ದ. ಹನ್ನೆರಡು ಮೆಟ್ಟಿಲಿಗೆ ಮೂರು ಕಡೆ ನಿಂತ. ಮೇಲೆ ಬಂದವನು ಪ್ಯಾನೆಲ್ಲಿನ ಕಂಬಿ ಹಿಡಿದು ಬಗ್ಗಿದ. ಆ ಬಗ್ಗುವಿಕೆ ನನಗೆ ಗೊತ್ತು. ಹತ್ತು ವರ್ಷ ನೋಡಿದ್ದೇನೆ, ನನ್ನ ಮನೆಯಲ್ಲಿ.

"ಅವತ್ತ ಮಾಸ್ಕು ಸಿಕ್ಕಿದ್ರ..." ಅಂದ. ಕೆಮ್ಮು ಬಂತು, ಮಾತು ಅಲ್ಲಿಗೇ ನಿಂತಿತು.

"ಎಷ್ಟು ದಿನದಿಂದ ಹಿಂಗ?"

"ಎರಡು ವರ್ಷಾತು" ಅಂದಳು ಹುಲುಗಮ್ಮ. "ಆಸ್ಪತ್ರಿಗೆ ಬಾ ಅಂದ್ರ ಬರಂಗಿಲ್ಲ. ಯಾವ ಮುಖ ಇಟ್ಕೊಂಡು ಹೋಗಲಿ ಅಂತಾನ."

ಸೊಂಟದ ಚೀಲದಲ್ಲಿ ಕ್ಲಿಪ್ಪು ಇತ್ತು. ತೆಗೆದೆ. "ಬೆರಳು ಕೊಡು" ಅಂದೆ. ಕೊಟ್ಟ. ಸಿಮೆಂಟಿನ ಮೇಲೆ ಕೂತೆವು, ಅಂಕಿ ಬರುವತನಕ.

ಉಜ್ಜಿನಪ್ಪ 91.
ಎರ್ರಿಯಪ್ಪಣ್ಣ 88.

ಅಕ್ಟೋಬರ್ 5, ಭಾನುವಾರ

ಮುಷ್ಕರ ಮುರಿದದ್ದು ಮರೆತಿಲ್ಲ. ಮರೆಯುವುದಿಲ್ಲ. ಮೊನ್ನೆ ಸಂಜೆ ಆ ಎದೆ ಇಟ್ಟುಕೊಂಡು ಸಿಲಿಂಡರು ಎತ್ತಿ ತಂದದ್ದನ್ನೂ ಮರೆಯುವುದಿಲ್ಲ.

ಇಬ್ಬರನ್ನೂ ಬುಧವಾರ ಹೊಸಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹುಲುಗಮ್ಮ ಬುತ್ತಿ ಕಟ್ಟುತ್ತಾಳಂತೆ, ನಾಲ್ಕು ಜನಕ್ಕೆ. ಖಾರ ಕಮ್ಮಿ ಹಾಕು ಅಂದೆ. ಕರಾರಿನಲ್ಲಿ ಬರೀ ಅಂದಳು. ಅದನ್ನು ಹರಿದು ಹಾಕಿದೆ. ಅವರ ಮನೆಗೂ ಫ್ಯಾನು ತಿರುಗಲಿ.

ಇವತ್ತು ಕೇರಿಯನ್ನು ಒಂದು ಸುತ್ತು ಹಾಕಿದೆ, ಕ್ಲಿಪ್ಪು ಹಿಡಿದು. ಗುಡ್ಡದಲ್ಲಿ ದುಡಿದ ಗಂಡಸರು ಒಂಬತ್ತು ಜನ ಇದ್ದಾರೆ. ತೊಂಬತ್ತರ ಕೆಳಗೆ ಇರುವವರು ಐದು. ಎರ್ರಿಯಪ್ಪಣ್ಣನೊಬ್ಬನನ್ನು ಬಿಟ್ಟು ಉಳಿದವರದೆಲ್ಲ ತಗಡಿನ ಮನೆ. ಯಾರ ಹೆಸರಲ್ಲೂ ಹಕ್ಕುಪತ್ರ ಇಲ್ಲ. ಮಾಳಿಗೆಯಲ್ಲಿ ಇನ್ನೂ ಎಂಟು ಪ್ಯಾನೆಲ್ಲಿಗೆ ಜಾಗ ಇದೆ ಅಂತ ಎರ್ರಿಯಪ್ಪಣ್ಣ ಹೆಜ್ಜೆ ಹಾಕಿ ಅಳೆದ, ನಡುವೆ ಎರಡು ಸಲ ಕೂತು.

ಹತ್ತು ಮನೆಗೆ ಒಂದು ಮಾಳಿಗೆ, ಒಂದು ಮಾಳಿಗೆಗೆ ಒಂದು ಸಾಲ, ಬ್ಯಾಟರಿ ಸಮೇತ. ಇದು ನಮ್ಮ ಬೇಡಿಕೆ. ಬ್ಯಾಂಕಿನ ಮ್ಯಾನೇಜರನಿಗೆ ಈ ಸಲ ಬಸ್ಸಿನಲ್ಲಲ್ಲ, ಎದುರಿಗೆ ಹೇಳುತ್ತೇನೆ. ಬಸಕ್ಕ, ಹುಲುಗಮ್ಮ ಪಕ್ಕದಲ್ಲಿರುತ್ತಾರೆ.

ಸಭೆಗೆ ಬರುವವರು, ಸೋಲಾರ್ ಕೊಡುವುದಿಲ್ಲ ಅಂತ ಕಚೇರಿಯವರು ಬರೆದು ಕೊಟ್ಟ ಕಾಗದ ತರಬೇಕು. ಕೂರಲು ಚಾಪೆ ತರಬೇಕು. ಮೆಟ್ಟಿಲು ಹತ್ತಲಾಗದವರನ್ನು ಕೈಹಿಡಿದು ತರಬೇಕು. ವಿಭೂತಿ ಯಾರೂ ತರಬಾರದು.

ಮುಂದಿನ ಸಭೆ ಎರ್ರಿಯಪ್ಪಣ್ಣನ ಮಾಳಿಗೆ ಮೇಲೆ. ಅಕ್ಟೋಬರ್ 12, ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ.